ಒಡಂಬಡಿಕೆ: ಕೊಟ್ಟವನೇ ಹೊತ್ತುಕೊಂಡ ಮಾತು

ಕನ್ನಡ ಬೈಬಲ್ ತೆರೆದರೆ ಮೊದಲು ಕಣ್ಣಿಗೆ ಬೀಳುವ ಪದಗಳಲ್ಲಿ ಇದೂ ಒಂದು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ. ಎರಡು ಭಾಗಗಳ ಹೆಸರು ಅಷ್ಟೇ ಅಂದುಕೊಂಡು ಸುಮ್ನೆ ಪುಟ ತಿರುಗಿಸಿಬಿಡುತ್ತೇವೆ, ಅಲ್ವಾ?

ಒಡಂಬಡು ಎಂದರೆ ಒಪ್ಪಿಕೊಳ್ಳು. ಬಾಡಿಗೆ ಮನೆಗೆ 11 ತಿಂಗಳ ಕರಾರು ಬರೆಸುತ್ತೇವಲ್ಲ, ಅದೂ ಒಪ್ಪಿಗೆಯೇ. ಆದರೆ ಅಲ್ಲಿ ಒಬ್ಬರು ಮಾತು ತಪ್ಪಿದರೆ ಇನ್ನೊಬ್ಬರು ಕೈತೊಳೆದುಕೊಳ್ಳಬಹುದು. ಬೈಬಲಿನ ದೇವರು ಹಾಗೆ ಕೈತೊಳೆದುಕೊಳ್ಳುವುದಿಲ್ಲ.

ಮೂಲ ಹೀಬ್ರೂ ಪದ 'ಬೆರೀತ್'. ಆ ಭಾಷೆಯಲ್ಲಿ ಒಡಂಬಡಿಕೆಯನ್ನು 'ಕತ್ತರಿಸುತ್ತಾರೆ'. ಯಾಕೆ ಹಾಗೆ ಹೇಳುತ್ತಾರೆ ಎಂದು ತಿಳಿಯಲು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೆಯ ಅಧ್ಯಾಯ ಓದಬೇಕು. ಇಸ್ರಾಯೇಲ್ ಜನರ ಮೂಲಪುರುಷ ಅಬ್ರಾಮನಿಗೆ (ಮುಂದೆ ಇವನೇ ಅಬ್ರಹಾಮ) ಇನ್ನೂ ಮಕ್ಕಳಿಲ್ಲ. ನಿನ್ನ ಸಂತಾನ ನಕ್ಷತ್ರಗಳಷ್ಟಾಗುತ್ತದೆ, ಈ ನಾಡು ನಿನ್ನದಾಗುತ್ತದೆ ಎನ್ನುತ್ತಾನೆ ದೇವರು. ಅದನ್ನು ನಾನು ತಿಳಿಯುವುದು ಹೇಗೆ ಎಂದು ಅವನು ಕೇಳುತ್ತಾನೆ. ಆಮೇಲೆ ದೇವರು ಹೇಳಿದಂತೆ ಮೂರು ವರ್ಷದ ಕಡಸು, ಆಡು, ಟಗರು ತಂದು ಸೀಳಿ, ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಹದ್ದುಗಳು ಎರಗುತ್ತವೆ. ಅವನ್ನು ಓಡಿಸುತ್ತಾ ಕಾಯುತ್ತಾನೆ.

ಮಾತು ಕೊಡುವವರು ಆ ಹೋಳುಗಳ ನಡುವೆ ನಡೆಯುವುದು ಅಂದಿನ ಪದ್ಧತಿ. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯದಲ್ಲೂ ಇದು ಬರುತ್ತದೆ. ತಪ್ಪಿದರೆ ನನಗೂ ಈ ಪ್ರಾಣಿಯ ಗತಿಯೇ ಬರಲಿ ಎಂದು ಅದರ ಅರ್ಥ. ಈಗ ನೋಡಿ. ಹೊತ್ತು ಮುಳುಗಿತು, ಅಬ್ರಾಮನಿಗೆ ಗಾಢ ನಿದ್ದೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋದವು. ಅವು ದೇವರ ಸನ್ನಿಧಿಯ ಗುರುತು. ಅಂದರೆ ದೇವರೊಬ್ಬನೇ ನಡೆದ. ಅಬ್ರಾಮ ಒಂದು ಹೆಜ್ಜೆಯನ್ನೂ ಇಡಲಿಲ್ಲ! ಈ ಪದದ ಜೀವ ಇಲ್ಲೇ ಇದೆ ಅಂತ ನನಗೆ ಪ್ರತಿ ಸಲ ಓದುವಾಗಲೂ ಅನಿಸುತ್ತದೆ.

ಮುಂದೆ ಸೀನಾಯಿ ಬೆಟ್ಟದಲ್ಲಿ ಇಸ್ರಾಯೇಲ್ ಜನರೊಂದಿಗೆ ಆದ ಒಡಂಬಡಿಕೆಯಲ್ಲಿ ಜನರಿಗೂ ಷರತ್ತುಗಳಿದ್ದವು, ನಿಜ. ಜನ ಅವನ್ನು ಮುರಿದದ್ದೂ ನಿಜ. ಆದರೂ ಬೈಬಲಿನ ಧರ್ಮೋಪದೇಶಕಾಂಡ ಎಂಬ ಪುಸ್ತಕ ದೇವರನ್ನು 'ನಂಬಿಗಸ್ತ' ಎಂದು ಕರೆಯುತ್ತದೆ. ತನ್ನನ್ನು ಪ್ರೀತಿಸುವವರಿಗೆ ಕೊಟ್ಟ ಮಾತನ್ನು ಅವನು ಸಾವಿರ ತಲೆಮಾರಿನವರೆಗೆ ಕಾಯುತ್ತಾನಂತೆ.

ಮಾತು ಪಡೆದವನ ಆಯುಸ್ಸು ಮಾತ್ರ ಅಷ್ಟು ಉದ್ದ ಇರಲಿಲ್ಲ. ಅಬ್ರಹಾಮ 175 ವರ್ಷ ಬದುಕಿದ. ಆ ನಾಡಿನಲ್ಲಿ ಅವನು ಕೊಂಡದ್ದಾಗಿ ಆದಿಕಾಂಡ ಹೇಳುವುದು ಹೆಂಡತಿ ಸಾರಳನ್ನು ಹೂಳಲು 400 ಶೆಕೆಲ್ (ಅಂದಿನ ತೂಕದ ಅಳತೆ) ಬೆಳ್ಳಿ ಕೊಟ್ಟು ಪಡೆದ ಮಕ್ಪೇಲದ ಹೊಲ, ಅದರಲ್ಲಿದ್ದ ಗವಿ. ಅಷ್ಟೇ.

ಅವನ ಮರಿಮಗ ಯೋಸೇಫ 110ನೆಯ ವಯಸ್ಸಿನಲ್ಲಿ ಐಗುಪ್ತದಲ್ಲಿ (ಈಜಿಪ್ಟ್) ಸಾಯುವಾಗ ತನ್ನವರಿಂದ ಒಂದು ಆಣೆ ಮಾಡಿಸಿಕೊಂಡ. ದೇವರು ನಿಮ್ಮನ್ನು ಖಂಡಿತ ಕರೆದುಕೊಂಡು ಹೋಗುತ್ತಾನೆ, ಆಗ ನನ್ನ ಎಲುಬುಗಳನ್ನೂ ಒಯ್ಯಿರಿ ಎಂದು. ಆಮೇಲೆ ಎಷ್ಟೋ ತಲೆಮಾರು ಗುಲಾಮರಾಗಿ ಕಳೆದವು. ಐಗುಪ್ತ ಬಿಟ್ಟು ಹೊರಟಾಗ, ಅಷ್ಟೆಲ್ಲ ಅವಸರದ ನಡುವೆಯೂ, ಜನರ ನಾಯಕ ಮೋಶೆ ಆ ಎಲುಬುಗಳನ್ನು ಮರೆಯದೆ ತೆಗೆದುಕೊಂಡ. 40 ವರ್ಷ ಮರುಭೂಮಿಯಲ್ಲಿ ಅವು ಜನರ ಜೊತೆಯಲ್ಲೇ ಇದ್ದವು. ಕೊನೆಗೆ ದೇವರು ಮಾತು ಕೊಟ್ಟಿದ್ದ ನಾಡಿನ ಶೆಕೆಮ್ ಊರಿನಲ್ಲಿ, ಯೋಸೇಫನ ಅಪ್ಪ ಯಾಕೋಬ 100 ಬೆಳ್ಳಿ ನಾಣ್ಯ ಕೊಟ್ಟು ಕೊಂಡಿದ್ದ ಹೊಲದಲ್ಲಿ, ಅವನ್ನು ಹೂಳಿದರು.