ಲೇಸರ್ ಶುರುವಾಯಿತೆಂದು ಆಯಿಂಟ್‌ಮೆಂಟ್ ಬಿಡಬೇಡಿ

ತೊನ್ನು ಅಂಟುವ ಕಾಯಿಲೆ ಅಲ್ಲ. ಇದನ್ನು ಕೋಲಾರದಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಇವತ್ತು ಅದು ಬೇಡ. ನನಗೆ ತಲೆಬಿಸಿ ತರುವವರೇ ಬೇರೆ. "ಲೇಸರ್ ಹೊಡೀತಿದ್ದೀರಲ್ಲ ಡಾಕ್ಟ್ರೇ, ಇನ್ನು ಆಯಿಂಟ್‌ಮೆಂಟ್ ಯಾಕೆ?" ಎಂದು ಟ್ಯೂಬನ್ನು ಬೀರುವಿನಲ್ಲಿಟ್ಟು ಬರುವವರು.

ಲೇಸರ್ ಅಂದರೆ ಬಿಳಿ ಭಾಗವನ್ನು ಸುಟ್ಟು ತೆಗೆಯುತ್ತದೆ ಎಂಬುದು ಇವರ ಲೆಕ್ಕ. ಹಚ್ಚೆ ಅಳಿಸುವ ಲೇಸರ್ ಬೇರೆ, ಇದು ಬೇರೆ. ನಾವು ಬಳಸುವ ಎಕ್ಸೈಮರ್ ಲೇಸರ್ 308 ನ್ಯಾನೋಮೀಟರಿನ ನೇರಳಾತೀತ ಬೆಳಕು. ಅದು ಏನನ್ನೂ ತೆಗೆಯುವುದಿಲ್ಲ. ಬಿಳಿ ಮಚ್ಚೆಯಲ್ಲಿ ಬಣ್ಣ ಮಾಡುವ ಜೀವಕೋಶಗಳು ಹೋಗಿರುತ್ತವೆ. ಆದರೆ ಕೂದಲ ಬುಡದಲ್ಲಿ ಎಳೆಯವು ಸಾಮಾನ್ಯವಾಗಿ ಉಳಿದಿರುತ್ತವೆ. ಬೆಳಕು ಅವನ್ನು ಎಬ್ಬಿಸಿ ಮೇಲಕ್ಕೆ ತರುತ್ತದೆ. ಸರಿ, ಮೊದಲಿದ್ದವನ್ನು ಕೊಂದದ್ದು ಯಾರು? ನಮ್ಮದೇ ದೇಹದ ರಕ್ಷಣಾ ಪಡೆ. ಅದು ಇನ್ನೂ ಅಲ್ಲೇ ಕೂತಿದೆ. ಲೇಸರ್ ಕೂಡ ಅದನ್ನು ಸ್ವಲ್ಪ ತಗ್ಗಿಸುತ್ತದೆ ನಿಜ, ಆಯಿಂಟ್‌ಮೆಂಟಿನಲ್ಲಿರುವ ಸ್ಟೆರಾಯ್ಡ್ ಜೊತೆಗಿದ್ದರೆ ಆ ಕೆಲಸ ಗಟ್ಟಿಯಾಗುತ್ತದೆ.

ಶ್ರೀನಿವಾಸಪುರದ ಕಡೆಯ ಟೊಮೆಟೊ ಬೆಳೆಗಾರರೊಬ್ಬರು ಇದನ್ನೆಲ್ಲ ಕೇಳಿ, "ಅಂದ್ರೆ ಸಸಿ ನೆಟ್ಬಿಟ್ಟು ಮೇಕೆ ಕಟ್ಟಾಕ್ದೆ ಬಿಟ್ಟಂಗಲ್ವಾ ಸಾರ್?" ಎಂದರು. ನನಗಿಂತ ಚೆನ್ನಾಗಿ ಹೇಳಿದರು. ಆದರೆ ಮಂಡಿಯಲ್ಲಿ ರೇಟು ಏರಿದ ಕೂಡಲೇ ಅವರೇ ನಾಪತ್ತೆ! ವಾರಕ್ಕೆ ಎರಡು ಮೂರು ಸಿಟಿಂಗ್ ಬೇಕು, ನಡುವೆ ಕನಿಷ್ಠ 48 ಗಂಟೆ ಬಿಡುವಿರಬೇಕು. ತಪ್ಪಿದ್ದನ್ನು ಸೋಮವಾರ, ಮಂಗಳವಾರ ಒಟ್ಟಿಗೆ ಹೊಡೆಸಿಕೊಂಡು ತುಂಬಿಸಲು ಆಗುವುದಿಲ್ಲ, ಚರ್ಮ ಸುಡುತ್ತದೆ.

ಇನ್ನು ಕೆಲವರು ಉಲ್ಟಾ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಟ್ಯೂಬ್ ಮೇಲೆ ಟ್ಯೂಬ್ ತಂದು ವರ್ಷಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಕಾಣುತ್ತದೆ. ಅದಕ್ಕೇ ನಡುನಡುವೆ ನಿಲ್ಲಿಸಿ ಹಚ್ಚಲು ಹೇಳುವುದು. ಮುಖ, ಕಣ್ಣಿನ ರೆಪ್ಪೆಗೆ ಹೆಚ್ಚಾಗಿ ಸ್ಟೆರಾಯ್ಡ್ ಬದಲು ಟ್ಯಾಕ್ರೋಲಿಮಸ್ ಎಂಬ ಬೇರೆ ಆಯಿಂಟ್‌ಮೆಂಟ್ ಕೊಡುತ್ತೇವೆ. ಯಾರಿಗೆ ಯಾವುದು, ಎಷ್ಟು ದಿನ ಎಂಬುದನ್ನು ನೋಡಿಯೇ ಹೇಳಬೇಕು, ಪಕ್ಕದ ಮನೆಯವರ ಟ್ಯೂಬ್ ಬೇಡ. ಸಿಟಿಂಗಿಗೆ ಬರುವ ಮುಂಚೆ ದಪ್ಪಗೆ ಬಳಿದುಕೊಂಡೂ ಬರಬೇಡಿ, ಬೆಳಕಿಗೆ ಅಡ್ಡವಾಗುತ್ತದೆ. ರಾತ್ರಿ ಹಚ್ಚಿದರೆ ಸಾಕು.

ಕೆಲವು ವಾರಗಳಾದ ಮೇಲೆ ಬಿಳುಪಿನೊಳಗೆ ಕಂದು ಚುಕ್ಕೆ ಮೂಡುತ್ತವೆ. ಮಗಳ ಮದುವೆ ಗೊತ್ತಾಗಿದ್ದ ಒಬ್ಬ ತಾಯಿ ಅದನ್ನು ನೋಡಿ ಹೊಸ ಕಾಯಿಲೆ ಎಂದು ಗಾಬರಿಯಾಗಿ ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದರು. ಅಯ್ಯೋ ಅಮ್ಮ, ಅದೇ ಬಣ್ಣ ಬರುತ್ತಿರುವ ಗುರುತು! ಒಂದೊಂದು ಕೂದಲ ಬುಡದಿಂದ ಒಂದೊಂದು ಚುಕ್ಕೆ, ಆಮೇಲೆ ಅವು ಹರಡಿ ಕೂಡಿಕೊಳ್ಳುತ್ತವೆ.

ಹಾಗಾಗಿಯೇ ಮುಖ, ಕುತ್ತಿಗೆಗೆ ಬೇಗ ಬಣ್ಣ ಬರುತ್ತದೆ. ಬೆರಳ ತುದಿ, ತುಟಿಯಲ್ಲಿ ಕೂದಲೇ ಇಲ್ಲ, ಬಣ್ಣ ಬರುವುದು ಕಷ್ಟ. ಮಚ್ಚೆಯೊಳಗಿನ ಕೂದಲೂ ಬೆಳ್ಳಗಾಗಿದ್ದರೆ ಭರವಸೆ ಇನ್ನೂ ಕಡಿಮೆ. ಬೆರಳ ತುದಿಗಷ್ಟೇ ಲೇಸರ್ ಕೇಳಿಕೊಂಡು ಬಂದವರಿಗೆ ಮೊದಲೇ ಇದನ್ನು ಹೇಳಿಬಿಡುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಹೇಳುತ್ತೇನೆ.