ಆರಕ್ಕೆ ಹಿಡಿದ ಮೂತ್ರ, ಹನ್ನೊಂದಕ್ಕೆ ಬಂದ ಡಬ್ಬಿ

ಮೂತ್ರದ ಕಲ್ಚರ್ (ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಹಿಡಿದು ನಮ್ಮ ಲ್ಯಾಬಿಗೆ ಜಗಳಕ್ಕೆ ಬರುವವರನ್ನು ನಾನು ಮೊದಲು ಕೇಳುವುದು ಒಂದೇ. ಸ್ಯಾಂಪಲ್ ಎಷ್ಟು ಗಂಟೆಗೆ ಹಿಡಿದಿರಿ? "ಬೆಳಗ್ಗೆ ಆರಕ್ಕೇ ಮೇಡಂ, ಫಸ್ಟ್ ಯೂರಿನ್" ಅಂತ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ರಿಜಿಸ್ಟರ್‌ನಲ್ಲಿ ಡಬ್ಬಿ ಬಂದ ಸಮಯ ಹನ್ನೊಂದು. ನಡುವಿನ ಐದು ಗಂಟೆ ಅದು ಎಲ್ಲಿತ್ತು? ಸ್ಕೂಟರ್ ಡಿಕ್ಕಿಯಲ್ಲಿ, ಇಲ್ಲವೇ ಬಸ್ಸಿನಲ್ಲಿ ಟಿಫಿನ್ ಬಾಕ್ಸ್ ಪಕ್ಕ.

ಎಷ್ಟು ಹೇಳಿದರೂ ಇದೊಂದು ವಿಷಯ ಯಾರ ತಲೆಗೂ ಹೋಗುವುದಿಲ್ಲ. ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಅಂತ ನೋಡಿದರೆ ಸಾಲದು, ಎಷ್ಟಿದೆ ಅಂತ ಎಣಿಸಬೇಕು. ಮೂತ್ರ ಹೊರಬರುವ ಜಾಗದ ಚರ್ಮದಲ್ಲಿ ಬ್ಯಾಕ್ಟೀರಿಯಾ ಎಲ್ಲರಿಗೂ ಇರುತ್ತದೆ. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದ್ದು ಹಿಡಿದರೂ ಒಂದಿಷ್ಟು ಡಬ್ಬಿಗೆ ಬೀಳಬಹುದು. ಅದಕ್ಕೇ ಮಿಲಿಲೀಟರಿಗೆ ಒಂದು ಲಕ್ಷ ಅಂತ ಒಂದು ಗಡಿ ಇದೆ. ದಾಟಿದರೆ ಸೋಂಕಿನ ಅನುಮಾನ ಗಟ್ಟಿಯಾಗುತ್ತದೆ.

ಈಗ ಲೆಕ್ಕ ಹಾಕಿ. ಅನುಕೂಲ ಸಿಕ್ಕರೆ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಮೂರು ಗಂಟೆಗೆ ಒಂಬತ್ತು ಸಲ, ಅಂದರೆ 512 ಪಟ್ಟು. ಬರೀ 200 ಇದ್ದದ್ದು 1,02,400 ಆಯಿತು. ಲಕ್ಷ ದಾಟಿತಲ್ವಾ? ಡಬ್ಬಿಯಲ್ಲಿ ಇಷ್ಟು ವೇಗ ಇರಲಿಕ್ಕಿಲ್ಲ, ಮೂತ್ರವೇನು ಅವಕ್ಕೆ ಹಬ್ಬದೂಟವಲ್ಲ. ಆದರೆ ಮೇ ತಿಂಗಳ ಬಿಸಿಲು, ಮುಚ್ಚಿದ ಡಿಕ್ಕಿ, ಐದು ಗಂಟೆ! ಮರುದಿನ ಕಲ್ಚರ್ ಮಾಡುವ ನನ್ನ ಪ್ಲೇಟಿನ ತುಂಬಾ ಗುಲಾಬಿ ಬಣ್ಣದ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪುಗಳು. ಹೆಸರು ಇ. ಕೋಲೈ ಅಂತ ಹೇಳಬಲ್ಲೆ. ಯಾವ ಆಂಟಿಬಯೋಟಿಕ್ ಅದರ ಮೇಲೆ ಕೆಲಸ ಮಾಡೀತು ಅಂತ ಇನ್ನೊಂದು ದಿನ ಕೊಟ್ಟರೆ ಹೇಳಬಲ್ಲೆ. ಅದು ಮೂತ್ರಕೋಶದಲ್ಲಿ ಬೆಳೆದದ್ದೋ ಡಿಕ್ಕಿಯಲ್ಲಿ ಬೆಳೆದದ್ದೋ? ಅದನ್ನು ಮ್ಯಾಕಾಂಕಿ ಅಗಾರ್ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಹೇಳುವುದಿಲ್ಲ. ಉರಿ, ಜ್ವರ, ಮೂತ್ರದಲ್ಲಿನ ಪಸ್ ಸೆಲ್ಸ್ (ಕೀವಿನ ಕಣಗಳು) ಎಲ್ಲ ಸೇರಿಸಿ ನಿಮ್ಮ ಡಾಕ್ಟರೇ ತೀರ್ಮಾನಿಸಬೇಕು. ಸುಮ್ನೆ ರಿಪೋರ್ಟ್ ನೋಡಿ ಮೆಡಿಕಲ್ ಶಾಪಿಗೆ ಹೋಗಬೇಡಿ.

ಉಲ್ಟಾ ಆಗುವುದೂ ಉಂಟು. ಒಬ್ಬರು ಅಜ್ಜಿಗೆ ಚಳಿಜ್ವರ, ಮೂತ್ರ ಕಲಕಿದ ಹಾಗಿತ್ತು, ಮೈಕ್ರೋಸ್ಕೋಪಿನಲ್ಲಿ ರಾಶಿ ಪಸ್ ಸೆಲ್ಸ್. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆಂಟಿಬಯೋಟಿಕ್ ಶುರು ಮಾಡಿದ್ದೀರಾ ಅಂದರೆ ಇಲ್ಲ. ಕೊನೆಗೆ ಮೊಮ್ಮಗ ಬಾಯಿಬಿಟ್ಟ: "ನಿಮ್ಮ ಡಬ್ಬಿ ಕಳೆದುಹೋಯ್ತು ಮೇಡಂ. ಉಪ್ಪಿನಕಾಯಿ ಬಾಟಲಿಯನ್ನ ಡೆಟಾಲ್ ಹಾಕಿ ಚೆನ್ನಾಗಿ ತೊಳೆದು ತಂದೆ." ಅಷ್ಟು ಮುತುವರ್ಜಿಯ ಹುಡುಗನನ್ನು ಬೈಯುವುದು ಹೇಗೆ? ಹೊಸ ಡಬ್ಬಿ ಕೊಟ್ಟು ಕಳಿಸಿದೆ. ಎರಡನೇ ಸಲ ಬೆಳೆಯಿತು.

ಹೊರಗಿಟ್ಟರೆ ಎರಡು ಗಂಟೆಯೊಳಗೆ ತಲುಪಿಸಿ. ಆಗುವುದಿಲ್ಲವೇ, ಮುಚ್ಚಳ ಬಿಗಿದು ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. 4 ಡಿಗ್ರಿಯಲ್ಲಿ 24 ಗಂಟೆವರೆಗೆ ನಡೆಯುತ್ತದೆ. ತರುವಾಗಲೂ ಐಸ್ ಪ್ಯಾಕ್ ಜೊತೆಗಿರಲಿ. "ಹಾಲು ಮೊಸರು ಇಡೋ ಫ್ರಿಜ್ಜಲ್ಲಾ?" ಅಂತ ಮನೆಯ ಹಿರಿಯರು ಮುಖ ಸಿಂಡರಿಸಿದರೆ ಡಬ್ಬಿಯ ಗೊಡವೆಯೇ ಬೇಡ. ಲ್ಯಾಬಿಗೇ ಬನ್ನಿ. ನಮ್ಮಲ್ಲೂ ಬಾತ್‌ರೂಮ್ ಇದೆ. ಬರುವ ಮುಂಚೆ ಲೀಟರ್‌ಗಟ್ಟಲೆ ನೀರು ಮಾತ್ರ ಕುಡಿಯಬೇಡಿ, ಮೂತ್ರ ತೆಳುವಾಗಿ ಎಣಿಕೆ ತಪ್ಪುತ್ತದೆ.