ಪರೀಕ್ಷೆಗೆ ಕೈ ಕೊಡುವವರು ಬೇಕು

ಓದುಗರ ಪ್ರಶ್ನೆ: ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಲು ಜನ ಬೇಕು ಅಂತ ವಾಟ್ಸಾಪ್‌ನಲ್ಲಿ ಆಗಾಗ ಮೆಸೇಜ್ ಬರುತ್ತದೆ. ಹೋಗಬೇಕು ಅಂತ ಆಸೆ. ಆದರೆ ಅವರದ್ದು ಇತಿಹಾಸದ ಪೇಪರ್, ನಾನು ಓದಿದ್ದು ಕಾಮರ್ಸ್. ವಿಷಯ ಗೊತ್ತಿಲ್ಲದೆ ಹೋದರೆ ಅವರಿಗೇ ತೊಂದರೆ ಆಗಲ್ವಾ?

ಆಗಲ್ಲ. ನಿಜ ಹೇಳಬೇಕೆಂದರೆ ವಿಷಯ ಗೊತ್ತಿಲ್ಲದವರು ಹೋದರೇ ಒಳ್ಳೆಯದು. ಯಾಕೆ ಅಂತ ನನಗೆ ಅರ್ಥವಾಗಿದ್ದು ಮೊದಲ ಸಲ ಸ್ಕ್ರೈಬ್ ಆಗಿ, ಅಂದರೆ ಪ್ರಶ್ನೆ ಓದಿ ಹೇಳಿ, ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವಳಾಗಿ ಅಥವಾ ಬರೆದುಕೊಡುವವನಾಗಿ ಅಲ್ಲ, ಬರೀ ಕೈಯಾಗಿ ಕೂತಾಗ.

ನಾನಾಗ ಬಿ.ಕಾಂ. ಮೊದಲ ವರ್ಷ. ನಾನು ಬರೆಯಬೇಕಿದ್ದದ್ದು ಬಿ.ಎ. ಕೊನೆ ವರ್ಷದ ಒಬ್ಬ ಅಕ್ಕನಿಗೆ. ಇತಿಹಾಸದ ಪೇಪರ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು ಯಾವಾಗ ಅನ್ನುವ ಒಂದು ಅಂಕದ ಪ್ರಶ್ನೆ ಇತ್ತು. ಅಕ್ಕ ‘1956’ ಅಂದರು. ಏಕೀಕರಣ ಆದದ್ದು 1956, ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಕ್ವಿಜ್‌ಗೆ ಅಂತ ಬಾಯಿಪಾಠ ಮಾಡಿದ್ದ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಯಿಬಿಡಲಿಲ್ಲ. ಆದರೆ ಪೆನ್ ನಿಂತುಬಿಟ್ಟಿತು. ಎರಡು ಸೆಕೆಂಡ್ ಅಷ್ಟೆ.

ಅಕ್ಕ ತಲೆ ಎತ್ತಿದರು. ‘ಯಾಕೆ ನಿಲ್ಲಿಸಿದ್ರಿ? ನಾನು ಹೇಳಿದ್ದನ್ನೇ ಬರೀರಿ.’

ಬರೆದೆ. ಪರೀಕ್ಷೆ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವರೇ ಮಾತು ತೆಗೆದರು. ‘ಅದು 1973 ಅಲ್ವಾ? ನಿಮ್ಮ ಪೆನ್ ಸದ್ದು ನಿಂತಾಗಲೇ ಹೊಳೀತು. ಅದಕ್ಕೇ ಬದಲಾಯಿಸಲಿಲ್ಲ. ಅದು ನಿಮ್ಮ ಉತ್ತರ ಆಗಿಬಿಡ್ತಿತ್ತು.’

ಒಂದು ಅಂಕ ಹೋಯಿತು. ನನ್ನಿಂದಲೇ ಹೋಯಿತು ಅಂತ ಈಗಲೂ ಅನಿಸುತ್ತದೆ. ನಾನು ನಿಲ್ಲಿಸದೆ ಬರೆದುಕೊಂಡು ಹೋಗಿದ್ದರೆ ಕೊನೆಗೆ ಓದಿ ಹೇಳುವಾಗ ಅವರಿಗೇ ನೆನಪಾಗುತ್ತಿತ್ತೇನೋ. ಹಾಗಾಗಿ ವಿಷಯ ಗೊತ್ತಿಲ್ಲ ಅಂತ ಹೆದರಬೇಡಿ. ಗೊತ್ತಿದ್ದವರಿಗೇ ಇದು ಕಷ್ಟ.

ಓದುವುದರಲ್ಲೂ ಇದೇ ಗೋಳು. ನಾಲ್ಕು ಆಯ್ಕೆ ಇರುವ ಪ್ರಶ್ನೆ ಓದುವಾಗ ಸರಿ ಉತ್ತರ ಬಂದ ಕಡೆ ನಮ್ಮ ದನಿ ಗೊತ್ತಿಲ್ಲದೆ ಏರುತ್ತದೆ. ದನಿಯನ್ನೇ ನೆಚ್ಚಿ ಬದುಕುವವರಿಗೆ ಅದು ಗೊತ್ತಾಗದೆ ಇರುತ್ತಾ? ನಾಲ್ಕನ್ನೂ ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಥರ ಒಂದೇ ಸಮನೆ ಓದಬೇಕು. ಇನ್ನೊಂದು, ‘ಅಥವಾ’. ಎರಡು ಪ್ರಶ್ನೆಗಳ ನಡುವೆ ಸಣ್ಣಗೆ ಅಚ್ಚಾಗಿರುತ್ತದೆ, ಹೊಸಬರು ಅದನ್ನು ಬಿಟ್ಟು ಓದುತ್ತಾರೆ. ಆಗ ವಿದ್ಯಾರ್ಥಿ ಎರಡಕ್ಕೂ ಉತ್ತರ ಹೇಳುತ್ತಾ ಕೂರುತ್ತಾರೆ, ಸಮಯ ಹೋಗುತ್ತದೆ. ಅದಕ್ಕೇ ಶುರುವಿಗೆ ಇಡೀ ಪ್ರಶ್ನೆಪತ್ರಿಕೆಯನ್ನು ಅಂಕಗಳ ಸಮೇತ ಒಮ್ಮೆ ಓದಿಬಿಡಿ. ಹೆಸರುಗಳು ಬಂದರೆ ‘ಶ’ನಾ ‘ಷ’ನಾ ಅಂತ ಕೇಳಿ. ಅವರು ಕೇಳಿದಾಗೆಲ್ಲ ಎಷ್ಟು ಪುಟ ಆಯಿತು, ಗಂಟೆ ಎಷ್ಟು ಅಂತ ಹೇಳಿ. ನೋಡಿ ತಿಳಿಯುವುದಕ್ಕೆ ಅವರಿಗೆ ಗೋಡೆ ಗಡಿಯಾರ ಇಲ್ಲ.

ಬ್ರೈಲ್ ಬರುತ್ತದಲ್ಲ, ಅವರೇ ಬರೆಯಬಹುದಲ್ಲ ಅಂತ ಕೇಳುವವರಿದ್ದಾರೆ. ಬರೆಯಬಹುದು. ಆದರೆ ಪೇಪರ್ ತಿದ್ದುವ ಮೇಷ್ಟ್ರಿಗೆ ಬ್ರೈಲ್ ಬರಬೇಕಲ್ಲ! ಕಂಪ್ಯೂಟರ್‌ನಲ್ಲಿ ಬರೆಯಲು ನಿಯಮ ಅವಕಾಶ ಕೊಡುತ್ತದೆ. ಆದರೆ ನಾನು ಹೋದ ಕೇಂದ್ರಗಳಲ್ಲಿ ಕನ್ನಡ ಓದಿ ಹೇಳುವ ತಂತ್ರಾಂಶ ಇದ್ದ ಕಂಪ್ಯೂಟರನ್ನು ನಾನಂತೂ ಕಂಡಿಲ್ಲ.

ಇನ್ನು ನಿಯಮ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆ ನಿಮಗೆ ನಾಲ್ಕು ಗಂಟೆ. ಅರ್ಧ ದಿನದ ರಜೆ ಸಾಲಲ್ಲ, ಪೂರ್ತಿ ದಿನ ಹಾಕಿ. ಭಾಷೆಯ ಪೇಪರಿಗೆ ಒಬ್ಬರು, ಉಳಿದದ್ದಕ್ಕೆ ಇನ್ನೊಬ್ಬರು ಅಂತ ಸ್ಕ್ರೈಬ್‌ಗಳನ್ನು ಬದಲಾಯಿಸಬಹುದು. ಕಣ್ಣು ಕಾಣದವರಿಗೆ ಮಾತ್ರ ಅಂತಲೂ ಇಲ್ಲ. ಕೈ ಸ್ವಾಧೀನ ಇಲ್ಲದವರಿಗೂ ಸ್ಕ್ರೈಬ್ ಬೇಕು. ಬರೆಯಲು ಹೋದರೆ ಕೈ ಸೆಟೆದುಕೊಳ್ಳುವ ತೊಂದರೆ ಇರುವವರಿಗೂ ಇದು ಸಿಗಬೇಕು ಅಂತ 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇಲ್ಲೇ ಒಂದು ತಮಾಷೆ ಇದೆ. ವಿದ್ಯಾರ್ಥಿಯೇ ಸ್ಕ್ರೈಬನ್ನು ಕರೆತಂದರೆ, ಆ ಸ್ಕ್ರೈಬ್ ಓದಿದ್ದು ವಿದ್ಯಾರ್ಥಿಗಿಂತ ಒಂದು ಮೆಟ್ಟಿಲು ಕಡಿಮೆ ಇರಬೇಕು ಅಂತ 2018ರ ಆ ಮಾರ್ಗಸೂಚಿಯಲ್ಲಿತ್ತು. ಎಂ.ಕಾಂ. ಮಾಡಿ, ಶನಿವಾರ ಬಿಡುವಿದೆ ಅಂತ ಉತ್ಸಾಹದಿಂದ ಬರುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಕಾಗುತ್ತದೆ. ಓದಿದ್ದನ್ನು ಮುಚ್ಚಿಟ್ಟು ಒಳಗೆ ಕೂರಲು ಹೋಗಬೇಡಿ. ಆಮೇಲೆ ಸಿಕ್ಕಿಬಿದ್ದರೆ ಕಳೆದುಕೊಳ್ಳುವುದು ವಿದ್ಯಾರ್ಥಿಯೇ, ನೀವಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ, ಒಂದೊಂದು ಪರೀಕ್ಷೆಗೆ ಒಂದೊಂದು ಥರ ಇರುತ್ತವೆ. ಹಾಲ್ ಟಿಕೆಟ್ ಜೊತೆ ಬಂದ ಸೂಚನೆಯನ್ನೇ ನಂಬಿ.

ಹಾಗಾದರೆ ಜಾಸ್ತಿ ಓದಿದವರು ಏನು ಮಾಡಬೇಕು? ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಪಿಯುಸಿ ಓದುವ ಹುಡುಗ ಹುಡುಗಿ ಇದ್ದರೆ ಅವರನ್ನು ಕರೆದುಕೊಂಡು ಹೋಗಿ. ಡಿಗ್ರಿ ವಿದ್ಯಾರ್ಥಿಗಳಿಗೆ ಅವರಷ್ಟು ಬೆಲೆಬಾಳುವ ಸ್ಕ್ರೈಬ್ ಇಲ್ಲ. ಅದರಲ್ಲೂ ಕನ್ನಡದಲ್ಲಿ ಬೇಗ ಬೇಗ ಬರೆಯಬಲ್ಲವರು. ಇಂಗ್ಲಿಷ್ ಪೇಪರಿಗೆ ಜನ ಹೇಗೋ ಸಿಗುತ್ತಾರೆ. ಕನ್ನಡ ಪೇಪರಿಗೆ ಬೆಂಗಳೂರಿನಲ್ಲಿ ಹತ್ತು ಫೋನ್ ಮಾಡಬೇಕು. ನಂಬಿಕೆ ಬರದಿದ್ದರೆ ಇವತ್ತು ಅರ್ಧ ಗಂಟೆ ಬಿಡದೆ ಕನ್ನಡ ಬರೆದು ನೋಡಿ. ಮೊಬೈಲ್ ಕೀಬೋರ್ಡ್‌ಗೆ ಒಗ್ಗಿದ ಕೈಗೆ ಒತ್ತಕ್ಷರಗಳೇ ಮರೆತುಹೋಗಿರುತ್ತವೆ.

ಪರೀಕ್ಷೆ ಇಲ್ಲದ ದಿನಗಳಲ್ಲೂ ಕೆಲಸ ಬೇಕಾದಷ್ಟಿದೆ. ಕನ್ನಡ ನೋಟ್ಸ್ ಎಷ್ಟೋ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡವೇ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಸ್ಕ್ರೀನ್ ರೀಡರ್‌ಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾರಾದರೂ ಕೂತು ಅದನ್ನು ಎಲ್ಲ ಕಂಪ್ಯೂಟರ್‌ಗೂ ಕನ್ನಡವೆಂದೇ ಗೊತ್ತಾಗುವ ಯೂನಿಕೋಡ್‌ಗೆ ಬದಲಾಯಿಸಿ ತಪ್ಪು ತಿದ್ದಿದರೆ ಒಂದು ಪುಸ್ತಕ ಇಡೀ ತರಗತಿಗೆ ಸಿಗುತ್ತದೆ. ಪಠ್ಯವನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೊಡುವುದೂ ಇದೆ. ಬೆಂಗಳೂರಿನಲ್ಲಿ ಮಧು ಸಿಂಘಾಲ್ 1990ರಲ್ಲಿ ಶುರು ಮಾಡಿದ ಮಿತ್ರ ಜ್ಯೋತಿ, 1997ರಲ್ಲಿ ಹುಟ್ಟಿದ ಸಮರ್ಥನಂ ಸಂಸ್ಥೆಗಳು ಇಂಥ ಕೆಲಸ ಮಾಡುತ್ತಾ ಬಂದಿವೆ. ನೂರಾರು ಪರೀಕ್ಷೆ ಬರೆದುಕೊಟ್ಟ ಬೆಂಗಳೂರಿನ ಎನ್.ಎಂ. ಪುಷ್ಪಾ ಅವರಿಗೆ ಕೇಂದ್ರ ಸರ್ಕಾರ ಮಹಿಳೆಯರಿಗೆ ಕೊಡುವ ನಾರಿ ಶಕ್ತಿ ಪುರಸ್ಕಾರ 2018ನೇ ಸಾಲಿಗೆ ಬಂದದ್ದು ನಿಮಗೆ ನೆನಪಿರಬಹುದು. ನೀವು ನೂರು ಬರೆಯಬೇಕಿಲ್ಲ. ಸೆಮಿಸ್ಟರ್‌ಗೆ ಒಂದು ಸಾಕು.

ಆದರೆ ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ನಮ್ಮಲ್ಲಿ ‘ಕೈ ಕೊಟ್ಟ’ ಅಂದರೆ ನಂಬಿಸಿ ತಪ್ಪಿಸಿಕೊಂಡ ಅಂತ ಅರ್ಥ. ಸ್ಕ್ರೈಬ್‌ಗೆ ಕೈ ಕೊಡುವುದೇ ಕೆಲಸ, ಎರಡು ಥರದ ಕೈ ಕೊಡುವವರನ್ನೂ ನೋಡಿದ್ದೇನೆ. ಬೆಳಿಗ್ಗೆ ಎಂಟಕ್ಕೆ ‘ಸಾರಿ, ಆಫೀಸಿನಲ್ಲಿ ಮೀಟಿಂಗ್ ಬಂತು’ ಅಂತ ಮೆಸೇಜ್ ಹಾಕಿಬಿಟ್ಟರೆ, ಹತ್ತೂವರೆಯ ಪರೀಕ್ಷೆಗೆ ಎರಡೂವರೆ ಗಂಟೆಯಲ್ಲಿ ಓದು, ಆಧಾರ್ ಎಲ್ಲ ಹೊಂದುವ ಇನ್ನೊಬ್ಬರನ್ನು ಎಲ್ಲಿಂದ ತರುವುದು? ತುರ್ತಿದ್ದರೆ ಬದಲಿ ಸ್ಕ್ರೈಬ್‌ಗೆ ನಿಯಮದಲ್ಲಿ ಅವಕಾಶ ಇದೆ. ಆದರೆ ಆ ಬದಲಿಯನ್ನು ಹುಡುಕಿ ಕೊಡುವ ಕೆಲಸ ನಿಮ್ಮದು ಅಂದುಕೊಳ್ಳಿ. ಒಪ್ಪಿಕೊಂಡ ದಿನವೇ ಇನ್ನೊಬ್ಬರಿಗೆ ಹೇಳಿಟ್ಟಿರಿ.

ಹೋಗುವಾಗ ಎರಡು ಮೂರು ಪೆನ್, ಗುರುತಿನ ಚೀಟಿ, ಫೋಟೋ, ಅಂಕಪಟ್ಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಒಂದು ಗಂಟೆ ಮೊದಲೇ ತಲುಪಿ. ಕಾಗದಪತ್ರಕ್ಕೆ ಸಹಿ ಹಾಕಿಸಲು ಆಫೀಸ್ ರೂಮಿಗೂ ಪರೀಕ್ಷಾ ಕೊಠಡಿಗೂ ಓಡಾಡುವುದು ಇದ್ದೇ ಇರುತ್ತದೆ.

ಹಾಂ, ಆ ವಾಟ್ಸಾಪ್ ಮೆಸೇಜ್ ಮತ್ತೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ದಿನಾಂಕ ನೋಡಿ, ಅದರಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ. ಆ ಅಕ್ಕನಿಗೆ ಡಿಗ್ರಿ ಮುಗಿದು ಕೆಲಸ ಸಿಕ್ಕಿದ ಮೇಲೂ ‘ಇತಿಹಾಸದ ಪೇಪರಿಗೆ ಬರಲಾ ಮೇಡಂ?’ ಅಂತ ಜನ ಫೋನ್ ಮಾಡುತ್ತಿದ್ದರು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ‘ನನ್ನದು ಮುಗೀತು, ಬರೆಯೋದು ಇನ್ನೊಬ್ಬರಿಗಿದೆ, ನಂಬರ್ ಕೊಡ್ಲಾ?’ ಅನ್ನುತ್ತಿದ್ದರು.